ಆಶ್ ದ್ವೀಪದ ಪತಂಗಗಳು ಮತ್ತು ಅವುಗಳ ಚಿತ್ರ ಬರೆದ ಅಕ್ಕತಂಗಿಯರು

ನಿಮ್ಮ ಶಾಲೆಯ ಕೈತೋಟದಲ್ಲಿ ಒಂದು ನಿಂಬೆ ಗಿಡವೋ ಕರಿಬೇವಿನ ಗಿಡವೋ ಇದ್ದರೆ ಅದರ ಎಳೆಯ ಎಲೆಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪು ಬಿಳುಪಿನ ಮಚ್ಚೆಯೊಂದು ಎಲೆಯ ಮೇಲೆ ಬಿದ್ದಿರಬಹುದು. ಸ್ವಲ್ಪ ಹೊತ್ತು ಕಾದರೆ ಆ ಹಿಕ್ಕೆ ಮೆಲ್ಲಗೆ ತೆವಳತೊಡಗುತ್ತದೆ! ಅದು ನಿಂಬೆ ಚಿಟ್ಟೆಯ ಮರಿಹುಳು. (ಕಂಬಳಿಹುಳು ಎಂದೊಡನೆ ನಮಗೆ ಮೈತುಂಬ ಕೂದಲಿರುವ, ಮುಟ್ಟಿದರೆ ತುರಿಸುವ ಹುಳುವೇ ನೆನಪಾಗುತ್ತದೆ. ಎಲ್ಲ ಮರಿಹುಳುಗಳೂ ಹಾಗಿಲ್ಲವಾದ್ದರಿಂದ ಈ ಲೇಖನದಲ್ಲಿ ಮರಿಹುಳು ಎಂದೇ ಕರೆಯೋಣ.) ನಾಲ್ಕು ಬಾರಿ ಪೊರೆ ಕಳಚಿ ಐದನೆಯ ಹಂತಕ್ಕೆ ಬಂದಾಗ ಅದೇ ಹುಳು ಹಚ್ಚಹಸಿರಾಗುತ್ತದೆ. ಮೊದಲು ನೋಡಿದವರು ಇದು ಬೇರೆಯದೇ ಜೀವಿ ಎಂದುಕೊಂಡರೆ ಆಶ್ಚರ್ಯವಿಲ್ಲ.

ಈಗ ನಿಮಗೊಂದು ಪ್ರಶ್ನೆ. ಈ ಹುಳುವಿನ ಬಣ್ಣವನ್ನು ಮುಂದಿನ ತರಗತಿಯ ವಿದ್ಯಾರ್ಥಿಗಳಿಗಾಗಿ ಉಳಿಸಿಡುವುದು ಹೇಗೆ? ಚಿಟ್ಟೆಯಾದರೆ ಸೂಜಿ ಚುಚ್ಚಿ, ರೆಕ್ಕೆ ಬಿಡಿಸಿ, ಒಣಗಿಸಿ ಪೆಟ್ಟಿಗೆಯಲ್ಲಿಡಬಹುದು. ಮರಿಹುಳು ಹಾಗಲ್ಲ. ಅದರ ಮೈಯಲ್ಲಿ ಬಹುಪಾಲು ನೀರು. ಒಣಗಿಸಿದರೆ ಸುಕ್ಕುಗಟ್ಟುತ್ತದೆ, ಆಲ್ಕೊಹಾಲಿನಲ್ಲಿಟ್ಟರೆ ಹಸಿರು ಕೆಲವೇ ದಿನಗಳಲ್ಲಿ ಕರಗಿ ಹುಳು ಬಿಳಿಚಿಕೊಳ್ಳುತ್ತದೆ. ಇಂದು ನೀವು ಮೊಬೈಲ್ ಫೋನ್ ತೆಗೆದು ಒಂದು ಫೋಟೊ ಹಿಡಿಯುತ್ತೀರಿ, ಮುಗಿಯಿತು. ಆದರೆ ಬಣ್ಣದ ಛಾಯಾಚಿತ್ರಕ್ಕೆ ಬೇಕಾದ ಆಟೊಕ್ರೋಮ್ ಗಾಜಿನ ಫಲಕಗಳು ಮಾರುಕಟ್ಟೆಗೆ ಬಂದದ್ದೇ 1907ರಲ್ಲಿ. ಅದಕ್ಕೂ ಮೊದಲಿನ ಸುಮಾರು ಇನ್ನೂರೈವತ್ತು ವರ್ಷಗಳ ಕಾಲ ಕೀಟವಿಜ್ಞಾನಕ್ಕೆ ಬಣ್ಣದ ನೆನಪನ್ನು ಉಳಿಸಿಕೊಟ್ಟದ್ದು ಕಾಗದ, ಕುಂಚ ಮತ್ತು ನೀರಿನಲ್ಲಿ ಕಲಸಿದ ಬಣ್ಣ. ಅದರ ಹಿಂದೆ ದಿನವಿಡೀ ಹುಳುವಿನ ಮುಂದೆ ಕುಳಿತ ಕಣ್ಣುಗಳು ಇದ್ದವು.

ಈ ಪರಂಪರೆಯ ಮೊದಲ ದೊಡ್ಡ ಹೆಸರು ಮರಿಯಾ ಸಿಬಿಲ್ಲಾ ಮೆರಿಯನ್. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಆಕೆ ಹದಿಮೂರನೆಯ ವಯಸ್ಸಿನಲ್ಲಿ ರೇಷ್ಮೆಹುಳು ಸಾಕಿ ಅದರ ರೂಪಪರಿವರ್ತನೆಯನ್ನು ದಾಖಲಿಸಿದಳು. ರಾಮನಗರ, ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ಇದು ಮನೆಯ ಮಾತು. ಆದರೆ ಆ ಕಾಲದ ಯುರೋಪಿನಲ್ಲಿ ಹುಳುಗಳು ಕೆಸರಿನಿಂದ, ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ನಂಬಿದವರು ಇನ್ನೂ ಬಹಳ ಮಂದಿ ಇದ್ದರು. ಮೆರಿಯನ್ 1679ರಲ್ಲಿ ಪ್ರಕಟಿಸಿದ ಮರಿಹುಳುಗಳ ಪುಸ್ತಕದಲ್ಲಿ ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ ಮತ್ತು ಹುಳು ತಿನ್ನುವ ಗಿಡ ಇವನ್ನೆಲ್ಲ ಒಂದೇ ಪುಟದಲ್ಲಿ ಸೇರಿಸಿದಳು. 1699ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಮಗಳೊಡನೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. ಅಲ್ಲಿನ ಕೀಟಗಳ 60 ಫಲಕಗಳ ಗ್ರಂಥ 1705ರಲ್ಲಿ ಹೊರಬಂತು. ಸುರಿನಾಮನ್ನು ಕಣ್ಣಿನಿಂದ ಕಾಣದ ಲಿನೇಯಸ್ ಮುಂದೆ ಹಲವು ಪ್ರಭೇದಗಳಿಗೆ ಹೆಸರಿಡುವಾಗ ಆಕೆಯ ಚಿತ್ರಗಳನ್ನು ಆಧಾರವಾಗಿ ಉಲ್ಲೇಖಿಸಿದ.

ಮೆರಿಯನ್ ಬಗ್ಗೆ ಕನ್ನಡದಲ್ಲೂ ಆಗೊಮ್ಮೆ ಈಗೊಮ್ಮೆ ಬರಹಗಳು ಬಂದಿವೆ. ಆದರೆ ಆಕೆಯ ನಂತರ ಸುಮಾರು ಒಂದೂವರೆ ಶತಮಾನಕ್ಕೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇದೇ ಕೆಲಸವನ್ನು ಇನ್ನಷ್ಟು ನಿಖರವಾಗಿ ಮಾಡಿದ ಇಬ್ಬರು ಸೋದರಿಯರ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ಅವರು ಹ್ಯಾರಿಯೆಟ್ ಸ್ಕಾಟ್ (1830–1907) ಮತ್ತು ಹೆಲೆನಾ ಸ್ಕಾಟ್ (1832–1910). ಅವರ ಕಥೆಯ ಒಂದು ತುದಿ ಮುಂಬಯಿಯಲ್ಲಿದೆ, ಹಾಗೂ ಒಂದು ಕನ್ನಡ ಪದದಲ್ಲಿ.

ಉಕ್ಕಿನಿಂದ ಪತಂಗಕ್ಕೆ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್. ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಇಲ್ಲಿನ ಕುತೂಹಲಕರ ವಸ್ತುಗಳನ್ನು ಕಳುಹಿಸುವುದು ಅವನ ಹವ್ಯಾಸ. ಹಾಗೆ ಕಳುಹಿಸಿದವುಗಳಲ್ಲಿ ದಕ್ಷಿಣ ಭಾರತದ ಪ್ರಸಿದ್ಧ ಮೂಸೆ ಉಕ್ಕಿನ ತುಂಡುಗಳೂ ಇದ್ದವು. ಅವನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಬರೆದ ಪ್ರಬಂಧದಿಂದ 'ವೂಟ್ಸ್' ಎಂಬ ಪದ ಲೋಹವಿಜ್ಞಾನದ ಪುಸ್ತಕಗಳಿಗೆ ಹೊಕ್ಕಿತು. ಅದು ನಮ್ಮ 'ಉಕ್ಕು' ಪದದ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ.

ಈ ವೈದ್ಯನ ಮಗ ಅಲೆಗ್ಸಾಂಡರ್ ವಾಕರ್ ಸ್ಕಾಟ್ 1800ರಲ್ಲಿ ಮುಂಬಯಿಯಲ್ಲೇ ಹುಟ್ಟಿದ. ತಂದೆ ಆಸ್ಟ್ರೇಲಿಯದಲ್ಲಿ ನೆಲೆಸಬೇಕೆಂದು ಹೊರಟು 1821ರಲ್ಲಿ ಹಡಗಿನಲ್ಲೇ ತೀರಿಕೊಂಡ. ಕೇಂಬ್ರಿಜ್‌ನಲ್ಲಿ ಓದಿದ ಮಗ 1827ರಲ್ಲಿ ನ್ಯೂ ಸೌತ್ ವೇಲ್ಸ್ ತಲಪಿದ. ನ್ಯೂಕ್ಯಾಸಲ್ ಪಟ್ಟಣದ ಬಳಿ ಹಂಟರ್ ನದಿ ಸಮುದ್ರ ಸೇರುವಲ್ಲಿ ಅವನಿಗೆ 2,560 ಎಕರೆಯ ಒಂದು ದ್ವೀಪ ದೊರೆಯಿತು. ಹೆಸರು ಆಶ್ ದ್ವೀಪ. ಇಂಗ್ಲಿಷಿನ ಈ 'ಆಶ್' ಬೂದಿಯಲ್ಲ, ಅಲ್ಲಿ ಬೆಳೆಯುತ್ತಿದ್ದ ಒಂದು ಮರ. ಅಂಚಿನಲ್ಲಿ ಕಾಂಡ್ಲಾ ಕಾಡು, ಒಳಗೆ ಬಳ್ಳಿಗಳು ಹೆಣೆದ ಮಳೆಕಾಡು, ನಡುನಡುವೆ ನೀಲಗಿರಿ ಮರಗಳು. 1842ರಲ್ಲಿ ಅಲ್ಲಿಗೆ ಬಂದಿದ್ದ ಜರ್ಮನ್ ಅನ್ವೇಷಕ ಲುಡ್ವಿಗ್ ಲೈಕಾರ್ಟ್ ದ್ವೀಪದ ಸಸ್ಯಸಂಪತ್ತನ್ನು ಕಂಡು ಬೆರಗಾಗಿದ್ದ.

ಸ್ಕಾಟ್ ವ್ಯಾಪಾರದಲ್ಲಿ ಅಷ್ಟೇನೂ ಜಾಣನಲ್ಲ. ಕೈಹಾಕಿದ ಉದ್ಯಮಗಳು ಬಹಳ, ಲಾಭ ಕಡಿಮೆ. ಆದರೆ ಪ್ರಕೃತಿ ವೀಕ್ಷಣೆಯಲ್ಲಿ ಗಟ್ಟಿಗ. ಹ್ಯಾರಿಯೆಟ್ ಕ್ಯಾಲ್ಕಟ್ ಎಂಬಾಕೆಯೊಡನೆ ಅವನು ಸಂಸಾರ ನಡೆಸುತ್ತಿದ್ದ. ಆಕೆ, ಶಿಕ್ಷೆ ಮುಗಿಸಿದ ಮಾಜಿ ಕೈದಿಯೊಬ್ಬನ ಮಗಳು. ಇಬ್ಬರೂ ವಿಧಿವತ್ತಾಗಿ ಮದುವೆಯಾದದ್ದು ಹೆಣ್ಣುಮಕ್ಕಳು ಹದಿಹರೆಯಕ್ಕೆ ಬಂದ ಮೇಲೆ, 1846ರಲ್ಲಿ. ಅದೇ ವರ್ಷ ಕುಟುಂಬವೆಲ್ಲ ದ್ವೀಪಕ್ಕೆ ಬಂದು ನೆಲೆಸಿತು. ಆಗ ಹ್ಯಾರಿಯೆಟ್‌ಗೆ ಹದಿನಾರು, ಹೆಲೆನಾಗೆ ಹದಿನಾಲ್ಕು. ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಅವರ ಪಾಠಶಾಲೆ ದ್ವೀಪವೇ, ಉಪಾಧ್ಯಾಯ ತಂದೆಯೇ. ಅವನ ಗೆಳೆಯನಾದ ಪ್ರಾಣಿವಿಜ್ಞಾನಿ ವಿಲಿಯಂ ಶಾರ್ಪ್ ಮಕ್ಲೆಯಂಥವರ ಮಾರ್ಗದರ್ಶನವೂ ಇತ್ತು.

ಹುಳು ಸಾಕುವವರೇ ಚಿತ್ರ ಬರೆದಾಗ

ಸಿಕ್ಕಿದ ಪತಂಗವನ್ನು ಕೊಂದು, ಸೂಜಿ ಚುಚ್ಚಿ, ಅದರ ಚಿತ್ರ ಬರೆಯುವುದು ಅಂದಿನ ಸಾಮಾನ್ಯ ಪದ್ಧತಿ. ವಸಾಹತುಗಳಿಂದ ಲಂಡನ್ನಿಗೆ ಹೋದ ಲಕ್ಷಾಂತರ ಕೀಟಗಳಿಗೆ ಹೀಗೆಯೇ ಹೆಸರು ಬಿತ್ತು. ಅವು ಯಾವ ಗಿಡ ತಿನ್ನುತ್ತಿದ್ದವು, ಮರಿಯಾಗಿದ್ದಾಗ ಹೇಗಿದ್ದವು ಎಂಬುದು ಹೆಸರಿಟ್ಟವರಿಗೆ ಗೊತ್ತಿರಲಿಲ್ಲ. ಸ್ಕಾಟ್ ಕುಟುಂಬ ಇದರ ತಲೆಕೆಳಗಿನ ದಾರಿ ಹಿಡಿಯಿತು. ಕಾಡಿನಲ್ಲಿ ಮರಿಹುಳು ಹುಡುಕಿ, ಅದು ತಿನ್ನುತ್ತಿದ್ದ ಕೊಂಬೆಯ ಸಮೇತ ಮನೆಗೆ ತಂದು, ದಿನವೂ ತಾಜಾ ಸೊಪ್ಪು ಹಾಕಿ ಸಾಕುವುದು. ಪೊರೆ ಕಳಚಿದಾಗ, ಗೂಡು ಕಟ್ಟಿದಾಗ, ಪತಂಗ ಹೊರಬಂದಾಗ ದಿನಾಂಕ ಸಹಿತ ಟಿಪ್ಪಣಿ ಬರೆಯುವುದು. ಅಕ್ಕತಂಗಿಯರು ಭೂತಗನ್ನಡಿ ಮತ್ತು ಸೂಕ್ಷ್ಮದರ್ಶಕ ಹಿಡಿದು ಜೀವಂತ ಹುಳುವನ್ನೇ ನೋಡುತ್ತ ಬರೆದರು.

ಒಂದು ಉದಾಹರಣೆ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ 'ಎಂಪರರ್ ಗಮ್ ಮಾತ್' ಎನ್ನುವ ಪತಂಗ ಪೂರ್ವ ಆಸ್ಟ್ರೇಲಿಯದ ನೀಲಗಿರಿ ಮರಗಳ ನಿವಾಸಿ. ಇದು ನಮ್ಮ ಟಸರ್ ರೇಷ್ಮೆ ಪತಂಗದ ಕುಟುಂಬದ್ದೇ. ಮೊಟ್ಟೆಯಿಂದ ಹೊರಬಂದ ಮರಿ ಕಪ್ಪು. ಬೆಳೆಯುತ್ತ ಹೋದಂತೆ ಬಣ್ಣ ಬದಲಾಗಿ ಕೊನೆಗೆ ನೀಲಿಛಾಯೆಯ ಹಸಿರು ಮೈ, ಪಕ್ಕದಲ್ಲಿ ಹಳದಿ ಪಟ್ಟೆ, ಮೇಲೆ ಕೆಂಪು ನೀಲಿ ಗುಬುಟುಗಳು. ಅದು ಕಟ್ಟುವ ಗೂಡು ಎಷ್ಟು ಗಟ್ಟಿಯೆಂದರೆ ಹೊರಬರುವ ಪತಂಗ ಮೊದಲು ಒಂದು ದ್ರವ ಉಗುಳಿ ಗೂಡಿನ ಗೋಡೆಯನ್ನು ಮೆತ್ತಗೆ ಮಾಡಿಕೊಳ್ಳುತ್ತದೆ. ಆಮೇಲೆ ಮುಂರೆಕ್ಕೆಯ ಬುಡದಲ್ಲಿರುವ ಚೂಪಾದ ಕೊಕ್ಕೆಗಳಿಂದ ಅದನ್ನು ಕುಯ್ಯುತ್ತದೆ. ಸಾಮಾನ್ಯವಾಗಿ ಒಂದು ವರ್ಷದಲ್ಲಿ ಹೊರಬರುತ್ತದೆ. ಅನುಕೂಲವಿಲ್ಲವೆನಿಸಿದರೆ ಎರಡು, ಮೂರು, ಇನ್ನೂ ಹೆಚ್ಚು ವರ್ಷ ಒಳಗೇ ಕಾಯುವುದೂ ಉಂಟು. ಹೊರಬಂದ ಮೇಲೆ ಏನನ್ನೂ ತಿನ್ನುವುದಿಲ್ಲ, ಮರಿಯಾಗಿದ್ದಾಗ ಕೂಡಿಟ್ಟ ಶಕ್ತಿಯಲ್ಲೇ ಬದುಕಿ, ಜೊತೆಗೂಡಿ, ಸಾಯುತ್ತದೆ. ಒಣಗಿದ ಒಂದು ಪತಂಗವನ್ನು ಪೆಟ್ಟಿಗೆಯಲ್ಲಿ ನೋಡಿ ಇವುಗಳಲ್ಲಿ ಯಾವ ವಿಷಯವನ್ನು ತಿಳಿಯಬಲ್ಲಿರಿ?

ಅಂದ ಹಾಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ ಸುಮಾರು 1790ರಲ್ಲಿ ನಂದಿಬೆಟ್ಟದಲ್ಲಿ ನೆಟ್ಟವೇ ಭಾರತದ ಮೊದಲ ನೀಲಗಿರಿ ಮರಗಳೆಂದು ಹೇಳುತ್ತಾರೆ. ಇಂದು ಕೋಲಾರ, ಚಿಕ್ಕಬಳ್ಳಾಪುರದ ಬಯಲಿನಲ್ಲಿ ಆ ಮರಗಳ ತೋಪುಗಳನ್ನು ನೀವು ನೋಡಿಯೇ ಇದ್ದೀರಿ. ಆದರೆ ಅಲ್ಲಿ ಈ ಪತಂಗವನ್ನು ಹುಡುಕಬೇಡಿ. ಮರ ಬಂದಿತೇ ಹೊರತು ಅದನ್ನು ಆಶ್ರಯಿಸಿದ ಹುಳು ಜೊತೆಗೆ ಬರಲಿಲ್ಲ.

ಸ್ಕಾಟ್ ಸೋದರಿಯರ ಫಲಕಗಳಲ್ಲಿ ಮರಿಹುಳು ಆಹಾರಸಸ್ಯದ ಮೇಲಿರುತ್ತದೆ, ಅದರ ಹತ್ತಿರವೇ ಕೋಶ, ಗಂಡು ಹೆಣ್ಣು ಪತಂಗಗಳು. ಕೆಲವಲ್ಲಿ ಹಿನ್ನೆಲೆಯಾಗಿ ತೆಳುಬಣ್ಣದಲ್ಲಿ ನದಿ, ಕಡಲತೀರ. ಫೋಟೊಗೂ ವೈಜ್ಞಾನಿಕ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇಂಥ ಒಂದು ಫಲಕ ಸಾಕು. ನಿಸರ್ಗದಲ್ಲಿ ಮರಿಹುಳು, ಅದರಿಂದಲೇ ಆದ ಪತಂಗ ಎರಡೂ ಏಕಕಾಲದಲ್ಲಿ ಇರುವುದು ಸಾಧ್ಯವೇ ಇಲ್ಲ. ಆದ್ದರಿಂದ ಆ ಚಿತ್ರ ಒಂದು ಕ್ಷಣದ ದಾಖಲೆಯಲ್ಲ, ಒಂದು ಇಡೀ ಆಯುಷ್ಯದ ದಾಖಲೆ. ಕ್ಯಾಮೆರಾ ಒಂದು ಹುಳುವನ್ನು ತೋರಿಸಿದರೆ ಚಿತ್ರಗಾರ್ತಿ ಹತ್ತಾರು ಹುಳುಗಳನ್ನು ನೋಡಿ ಯಾವುದು ಆ ಪ್ರಭೇದದ ಲಕ್ಷಣ, ಯಾವುದು ಆ ಒಂದು ಹುಳುವಿನ ಗಾಯ ಅಥವಾ ವಿಕಾರ ಎಂದು ತೀರ್ಮಾನಿಸಿ ಬರೆಯುತ್ತಾಳೆ. ತೀರ್ಮಾನ ತಪ್ಪಾದರೆ ಚಿತ್ರ ಎಷ್ಟೇ ಸುಂದರವಾಗಿದ್ದರೂ ವಿಜ್ಞಾನಕ್ಕೆ ಅದು ನಿರುಪಯುಕ್ತ.

ಜಲವರ್ಣದ ರಸಾಯನ

ಜಲವರ್ಣವೆಂದರೆ ನುಣ್ಣಗೆ ಅರೆದ ವರ್ಣದ್ರವ್ಯ, ಅದನ್ನು ಕಾಗದಕ್ಕೆ ಅಂಟಿಸುವ ಜಾಲಿಜಾತಿಯ ಮರದ ಗೋಂದು, ಮತ್ತು ನೀರು. ನೀರು ಆವಿಯಾದಾಗ ಗೋಂದು ವರ್ಣದ್ರವ್ಯದ ಕಣಗಳನ್ನು ಕಾಗದದ ನಾರಿಗೆ ಹಿಡಿದಿಡುತ್ತದೆ. ಬಣ್ಣದ ಪದರ ಪಾರದರ್ಶಕ. ಬೆಳಕು ಅದರ ಮೂಲಕ ಹಾದು, ಬಿಳಿ ಕಾಗದಕ್ಕೆ ಬಡಿದು, ಮತ್ತೆ ಬಣ್ಣದ ಮೂಲಕವೇ ನಮ್ಮ ಕಣ್ಣಿಗೆ ಮರಳುತ್ತದೆ. ಅಂದರೆ ಜಲವರ್ಣದಲ್ಲಿ ಬೆಳಕು ಕೊಡುವುದು ಕಾಗದ. ತೈಲವರ್ಣದ ಕಲಾವಿದ ತಪ್ಪು ಮಾಡಿದರೆ ಅದರ ಮೇಲೆ ಇನ್ನೊಂದು ಪದರ ಬಳಿಯಬಹುದು, ಇಲ್ಲಿ ಆ ಅನುಕೂಲವಿಲ್ಲ. ತಿಳಿಬಣ್ಣದಿಂದ ಆರಂಭಿಸಿ ಗಾಢ ಬಣ್ಣದ ಕಡೆಗೆ ಹೋಗಬೇಕು, ಬೆಳ್ಳಗಿರಬೇಕಾದ ಜಾಗವನ್ನು ಮೊದಲೇ ಯೋಚಿಸಿ ಬಿಟ್ಟುಕೊಳ್ಳಬೇಕು.

ಪತಂಗದ ರೆಕ್ಕೆಗೆ ಈ ಮಾಧ್ಯಮ ಹೇಳಿ ಮಾಡಿಸಿದಂತಿದೆ. ರೆಕ್ಕೆಯ ಮೇಲಿನ 'ಹುಡಿ'ಯನ್ನು ನೀವು ಬೆರಳಿಗೆ ಅಂಟಿಸಿಕೊಂಡಿರಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹುಡಿಯಲ್ಲ, ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಅತಿಸೂಕ್ಷ್ಮ ಶಲ್ಕಗಳು. ಒಂದೊಂದು ಶಲ್ಕಕ್ಕೂ ಸಾಮಾನ್ಯವಾಗಿ ಒಂದೇ ಬಣ್ಣ. ದೂರದಿಂದ ಕಾಣುವ ಮಸುಕು ಅಂಚು ವಾಸ್ತವದಲ್ಲಿ ಎರಡು ಬಣ್ಣದ ಶಲ್ಕಗಳ ಮಿಶ್ರಣ. ತೆಳುವಾದ ಪದರದ ಮೇಲೆ ಪದರ, ಅದರ ಮೇಲೆ ಕೆಲವೇ ಕೂದಲುಗಳ ಕುಂಚದಿಂದ ಎಳೆದ ಗೆರೆಗಳು: ಹೀಗೆ ಬರೆದಾಗ ಪತಂಗದ ಮೈಯ ರೋಮ ಕೂಡ ಮುಟ್ಟಿದರೆ ಮೆತ್ತಗಿದ್ದೀತು ಎನ್ನಿಸುತ್ತದೆ. ಸೋತದ್ದು ಎಲ್ಲಿ ಎಂದರೆ ಕೆಲವು ಚಿಟ್ಟೆಗಳ ಹೊಳೆಯುವ ನೀಲಿಯಲ್ಲಿ. ಅದು ವರ್ಣದ್ರವ್ಯದ ಬಣ್ಣವಲ್ಲ, ಶಲ್ಕದ ಸೂಕ್ಷ್ಮ ಪದರಗಳಲ್ಲಿ ಬೆಳಕಿನ ಅಲೆಗಳ ವ್ಯತಿಕರಣದಿಂದ ಹುಟ್ಟುವ ಬಣ್ಣ. ನೋಡುವ ಕೋನ ಬದಲಾದರೆ ಅದೂ ಬದಲಾಗುತ್ತದೆ. ಯಾವ ಕುಂಚಕ್ಕೂ ಅದು ದಕ್ಕಿಲ್ಲ.

ಆ ಕಾಲದ ಬಣ್ಣಗಳಿಗೆ ಅವುಗಳದೇ ದೋಷಗಳಿದ್ದವು. ಕೊಚಿನಿಯಲ್ ಎಂಬ ಕೀಟದಿಂದ ತೆಗೆದ ಕಾರ್ಮೈನ್ ಕೆಂಪು ಬೆಳಕಿಗೆ ಮಾಸುತ್ತದೆ. ಕೀಟದ ಚಿತ್ರಕ್ಕೆ ಕೀಟದ್ದೇ ಬಣ್ಣ, ನೋಡಿ! ಸೀಸದ ಬಿಳಿಯನ್ನು ಬಳಸಿದಲ್ಲಿ ಗಾಳಿಯಲ್ಲಿನ ಹೈಡ್ರೊಜನ್ ಸಲ್ಫೈಡ್ ತಗುಲಿ ಕಪ್ಪು ಲೆಡ್ ಸಲ್ಫೈಡ್ ಆಗಿಬಿಡುತ್ತದೆ. ಹೈಡ್ರೊಜನ್ ಪೆರಾಕ್ಸೈಡನ್ನು ಎಚ್ಚರದಿಂದ ಲೇಪಿಸಿದರೆ ಅದು ಬಿಳಿಯ ಲೆಡ್ ಸಲ್ಫೇಟ್ ಆಗುತ್ತದೆ. ಪ್ರಯೋಗಶಾಲೆಯ ಈ ಸರಳ ಕ್ರಿಯೆಯನ್ನು ಹಳೆಯ ಚಿತ್ರಗಳನ್ನು ಸರಿಪಡಿಸುವವರು ಇಂದಿಗೂ ಬಳಸುತ್ತಾರೆ. ಮೂಲ ಜಲವರ್ಣಗಳನ್ನು ವಸ್ತುಸಂಗ್ರಹಾಲಯಗಳು ಕತ್ತಲಲ್ಲಿಟ್ಟು ಅಪರೂಪಕ್ಕೊಮ್ಮೆ ಮಾತ್ರ ಪ್ರದರ್ಶಿಸುವುದು ಇಂಥ ಕಾರಣಗಳಿಂದಲೇ.

ಒಂಬತ್ತೇ ಫಲಕಗಳು

ಚಿತ್ರ ಬರೆದರಾಯಿತೆ? ಅದು ಅಚ್ಚಾಗಬೇಕು. ಅಂದಿನ ಉಪಾಯ ಕಲ್ಲಚ್ಚು. ನುಣುಪಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ನೈಟ್ರಿಕ್ ಆಮ್ಲ ಬೆರೆಸಿದ ಗೋಂದು ಸವರಿದರೆ ಜಿಡ್ಡಿಲ್ಲದ ಭಾಗ ನೀರನ್ನು ಹಿಡಿಯುತ್ತದೆ. ಕಲ್ಲನ್ನು ಒದ್ದೆಮಾಡಿ ಎಣ್ಣೆಯ ಶಾಯಿ ಉರುಳಿಸಿದಾಗ ಶಾಯಿ ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟುತ್ತದೆ. ಎಣ್ಣೆಗೂ ನೀರಿಗೂ ಇರುವ ವೈರ ಇಲ್ಲಿ ಮುದ್ರಣಕಲೆಗೆ ಮಿತ್ರನಾಯಿತು. ಆದರೆ ಹೀಗೆ ಸಿಗುವುದು ಕಪ್ಪು ಗೆರೆಗಳ ಚಿತ್ರ ಮಾತ್ರ. ಬಣ್ಣವನ್ನು ಪ್ರತಿಯೊಂದು ಪ್ರತಿಯ ಪ್ರತಿಯೊಂದು ಪುಟಕ್ಕೂ ಕೈಯಿಂದಲೇ ತುಂಬಬೇಕು. ನೂರು ಪ್ರತಿಗೆ ನೂರು ಸಲ. ಖರ್ಚು ಎಷ್ಟಾಗುತ್ತಿತ್ತೆಂದು ಊಹಿಸಿ.

ಹೀಗಾಗಿ ಹ್ಯಾರಿಯೆಟ್ ಮತ್ತು ಹೆಲೆನಾ ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಚಿತ್ರಗಳ ಪೈಕಿ 1864ರಲ್ಲಿ ಲಂಡನ್ನಿನ ವ್ಯಾನ್ ವೂರ್ಸ್ಟ್ ಪ್ರಕಟಿಸಿದ ಗ್ರಂಥದಲ್ಲಿ ಬಂದದ್ದು ಒಂಬತ್ತು ಫಲಕಗಳು ಮಾತ್ರ. ಪುಸ್ತಕದ ವಿಷಯ ಆಸ್ಟ್ರೇಲಿಯದ ಚಿಟ್ಟೆ ಪತಂಗಗಳು ಮತ್ತು ಅವುಗಳ ರೂಪಪರಿವರ್ತನೆ. ಮುಖಪುಟದಲ್ಲಿ ಚಿತ್ರಗಳನ್ನು ಹ್ಯಾರಿಯೆಟ್ ಮತ್ತು ಹೆಲೆನಾ ಸ್ಕಾಟ್ ಜೀವಂತ ಮಾದರಿಗಳಿಂದ ಬರೆದರೆಂದು ಸ್ಪಷ್ಟವಾಗಿ ಅಚ್ಚಾಗಿದೆ. ಇದು ತಂದೆಗೆ ಸಲ್ಲಬೇಕಾದ ಗೌರವ. ಆ ಕಾಲದಲ್ಲಿ ಎಷ್ಟೋ ಪುಸ್ತಕಗಳಲ್ಲಿ ಚಿತ್ರಗಾರ್ತಿಯರ ಹೆಸರು ಫಲಕದ ಮೂಲೆಯಲ್ಲೂ ಇರುತ್ತಿರಲಿಲ್ಲ. 1862ರಲ್ಲಿ ಸ್ಥಾಪನೆಯಾದ ನ್ಯೂ ಸೌತ್ ವೇಲ್ಸ್ ಕೀಟವಿಜ್ಞಾನ ಸಂಘ ಇಬ್ಬರನ್ನೂ ಗೌರವ ಸದಸ್ಯರನ್ನಾಗಿ ಆರಿಸಿಕೊಂಡಿತ್ತು.

ಆದರೂ ಒಂದು ಸಂಗತಿ ಉಳಿಯುತ್ತದೆ. ನಾನು ಮೇಲೆ ವಿವರಿಸಿದ ಪತಂಗದ ಈಗಿನ ಪೂರ್ಣ ವೈಜ್ಞಾನಿಕ ಹೆಸರು 'ಒಪೊಡಿಫ್ಥೆರಾ ಯೂಕಲಿಪ್ಟಿ (ಸ್ಕಾಟ್, 1864)'. ಆವರಣದೊಳಗಿನ ಸ್ಕಾಟ್ ಎಂದರೆ ತಂದೆ ಅಲೆಗ್ಸಾಂಡರ್. ಪ್ರಾಣಿ ನಾಮಕರಣದ ನಿಯಮದಂತೆ ಲಿಖಿತ ವಿವರಣೆ ಕೊಟ್ಟು ಹೆಸರಿಟ್ಟವನೇ ಕರ್ತೃ. ನಿಯಮ ಸರಿಯಾಗಿಯೇ ಇದೆ. ಆದರೆ ಹುಳು ಹುಡುಕಿ, ಸೊಪ್ಪು ಹಾಕಿ, ದಿನವೂ ನೋಡಿ, ಟಿಪ್ಪಣಿ ಬರೆದು, ಬಣ್ಣ ತುಂಬಿದವರಿಗೆ ಆ ಆವರಣದಲ್ಲಿ ಸ್ಥಳವಿಲ್ಲ. ತಂದೆ ಮಕ್ಕಳ ಉಪನಾಮ ಒಂದೇ ಆದ್ದರಿಂದ ಓದುವವರು ಬೇಕಿದ್ದರೆ ಮೂವರನ್ನೂ ಸೇರಿಸಿಕೊಳ್ಳಬಹುದು. ನಾನಂತೂ ಹಾಗೆಯೇ ಓದುತ್ತೇನೆ.

ಇದೇ ಪತಂಗಕ್ಕೆ ಇನ್ನೊಂದು ಪ್ರಸಿದ್ಧಿಯೂ ಇದೆ. 1962ರಲ್ಲಿ ಆಸ್ಟ್ರೇಲಿಯದ ಥಾಮಸ್ ಗ್ರೇಸ್ ಇದರ ಅಂಡಾಶಯದ ಊತಕದಿಂದ ಪ್ರಯೋಗಶಾಲೆಯಲ್ಲಿ ನಿರಂತರವಾಗಿ ವಿಭಜಿಸುತ್ತ ಬೆಳೆಯುವ ಕೋಶಗಳನ್ನು ಪಡೆದ. ಕೀಟಗಳಿಂದ ಹೀಗೆ ಸ್ಥಾಪಿತವಾದ ಮೊದಲ ಕೋಶವಂಶಗಳು ಅವೇ. ಕೀಟಕೋಶಗಳಲ್ಲಿ ವೈರಸ್‌ಗಳನ್ನು ಬೆಳೆಸುವ, ಪ್ರೋಟೀನ್ ತಯಾರಿಸುವ ಇಂದಿನ ಜೈವಿಕ ತಂತ್ರಜ್ಞಾನದ ಶಾಖೆಗೆ ಅದು ಹಾದಿ ತೆರೆಯಿತು.

1866 ಎಂಬ ವರ್ಷ

ಹೆಲೆನಾ 1864ರಲ್ಲಿ ಎಡ್ವರ್ಡ್ ಫೋರ್ಡ್ ಎಂಬ ಸರ್ವೇಕ್ಷಕನನ್ನು ಮದುವೆಯಾದಳು. ಡಾರ್ಲಿಂಗ್ ನದಿಯ ಸರ್ವೇಕ್ಷಣೆಗೆ ಹೊರಟ ಗಂಡನ ಜೊತೆ ಆಕೆಯೂ ಒಳನಾಡಿಗೆ ಹೋಗಿ, ಅಲ್ಲಿನ ಸಸ್ಯಗಳ ಸಚಿತ್ರ ಪುಸ್ತಕ ಮಾಡಬೇಕೆಂದು ಗಿಡಗಳನ್ನು ಸಂಗ್ರಹಿಸಿದಳು. 1866ರಲ್ಲಿ ಇಬ್ಬರಿಗೂ ಜ್ವರ ಬಂತು. ಎಡ್ವರ್ಡ್ ಮೆನಿಂಡಿ ಎಂಬಲ್ಲಿ ತೀರಿಕೊಂಡ. ಅದೇ ವರ್ಷ ತಾಯಿ ಸತ್ತಳು. ಅದೇ ವರ್ಷ ತಂದೆ ದಿವಾಳಿಯಾದ. ದ್ವೀಪವನ್ನು ಬಿಡಬೇಕಾಯಿತು. ಪುಸ್ತಕದ ಮುಂದಿನ ಸಂಪುಟಗಳ ಮಾತೇ ಇಲ್ಲ.

ಹವ್ಯಾಸವಾಗಿದ್ದ ವಿದ್ಯೆ ಈಗ ಹೊಟ್ಟೆಪಾಡಾಯಿತು. 'ಮರ್ಯಾದಸ್ಥ' ಮನೆತನದ ಹೆಣ್ಣು ಕೂಲಿಗೆ ಚಿತ್ರ ಬರೆಯುವುದನ್ನು ಅಂದಿನ ಸಮಾಜ ಒಳ್ಳೆಯ ಕಣ್ಣಿನಿಂದ ನೋಡುತ್ತಿರಲಿಲ್ಲ. ಆದರೂ ಸೋದರಿಯರು ಬರೆದರು. ಜೇಮ್ಸ್ ಕಾಕ್ಸನ ನೆಲಶಂಖುಗಳ ಗ್ರಂಥಕ್ಕೆ (1868), ಗೆರಾರ್ಡ್ ಕ್ರೆಫ್ಟನ ಹಾವುಗಳ ಗ್ರಂಥಕ್ಕೆ (1869), ಅವನದೇ ಸ್ತನಿಗಳ ಗ್ರಂಥಕ್ಕೆ (1871) ಚಿತ್ರಗಳು ಅವರವು. ಹ್ಯಾರಿಯೆಟ್ ನ್ಯೂ ಸೌತ್ ವೇಲ್ಸ್ ರೈಲ್ವೆ ಮಾರ್ಗದರ್ಶಿಗೆ ಸಸ್ಯಚಿತ್ರಗಳನ್ನು ಬರೆದುಕೊಟ್ಟಳು. 1879ರಲ್ಲಿ ಸ್ಥಳೀಯ ಕಾಡುಹೂಗಳ ಕ್ರಿಸ್‌ಮಸ್ ಕಾರ್ಡುಗಳೂ ಬಂದವು. ಆಸ್ಟ್ರೇಲಿಯದಲ್ಲಿ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ, ಕಾರ್ಡಿನ ಮೇಲೆ ಮಾತ್ರ ಇಂಗ್ಲೆಂಡಿನ ಹಿಮ ಸುರಿಯುತ್ತಿತ್ತು. ಅದರ ಬದಲು ತಮ್ಮ ಅಂಗಳದ ಹೂವನ್ನಿಟ್ಟ ಆ ಕಾರ್ಡುಗಳು ನನಗೆ ವಿಜ್ಞಾನಗ್ರಂಥದಷ್ಟೇ ಮುಖ್ಯವೆನಿಸುತ್ತವೆ.

ತಂದೆ 1883ರಲ್ಲಿ ತೀರಿಕೊಂಡ ಮೇಲೆ ಪತಂಗಗಳ ಮೂಲಚಿತ್ರಗಳು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ಸೇರಿದವು. ಹೆಲೆನಾ ಸುಮ್ಮನೆ ಕೂರಲಿಲ್ಲ. ಮ್ಯೂಸಿಯಂನ ಕೀಟವಿಜ್ಞಾನಿ ಆರ್ಥರ್ ಸಿಡ್ನಿ ಆಲಿಫ್ ಜೊತೆ ಸೇರಿ ಹಳೆಯ ಟಿಪ್ಪಣಿಗಳನ್ನು ಪರಿಷ್ಕರಿಸಿ ಎರಡನೆಯ ಸಂಪುಟವನ್ನು 1890ರಿಂದ ಭಾಗಭಾಗವಾಗಿ ಹೊರತಂದಳು. ಹದಿಹರೆಯದಲ್ಲಿ ಆರಂಭಿಸಿದ ಕೆಲಸ ಅರವತ್ತರ ಹೊಸ್ತಿಲಲ್ಲಿ ಮತ್ತೆ ಮುಂದುವರಿಯಿತು.

ನಮ್ಮ ಸುತ್ತಮುತ್ತ

ನಮ್ಮ ಉಪಖಂಡದಲ್ಲೂ ಇದಕ್ಕೆ ಸಮನಾದ ಕೆಲಸ ನಡೆದಿದೆ. ಶ್ರೀಲಂಕಾದ ಪೆರಾದೆನಿಯ ಸಸ್ಯೋದ್ಯಾನದ ಚಿತ್ರಕಾರ ಹರ್ಮಾನಿಸ್ ಡಿ ಆಲ್ವಿಸ್ ಸೆನೆವಿರತ್ನ ಮತ್ತು ಅವರ ಮಕ್ಕಳಾದ ವಿಲಿಯಂ, ಜಾರ್ಜ್ ಸಿಂಹಳದ ಸಾವಿರಾರು ಸಸ್ಯ, ಕೀಟಗಳನ್ನು ಬರೆದರು. ಫ್ರೆಡರಿಕ್ ಮೂರ್ 1880ರಿಂದ 1887ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಶ್ರೀಲಂಕಾದ ಚಿಟ್ಟೆ ಪತಂಗಗಳ ಗ್ರಂಥಕ್ಕೆ ಆ ಸೋದರರ ಚಿತ್ರಗಳೇ ಆಧಾರ. ಉದ್ಯಾನದ ನಿರ್ದೇಶಕ ಥ್ವೇಟ್ಸ್‌ನ ಮೇಲ್ವಿಚಾರಣೆಯಲ್ಲಿ ಅವರು ಮರಿಹುಳುಗಳನ್ನೂ ಜೀವಂತವಾಗಿ ನೋಡಿ ಬರೆದಿದ್ದರು.

ಕಾರವಾರದ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕನ್ನಡದಲ್ಲಿ ಜೇಮ್ಸ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ.ಆರ್. ಬೆಲ್, ಸುಂಕದ ಇಲಾಖೆಯ ಇ.ಎಚ್. ಐಟ್ಕೆನ್ ಎಂಬ ಮೂವರು ಅಧಿಕಾರಿಗಳು ಚಿಟ್ಟೆಗಳ ಮರಿಹುಳುಗಳನ್ನು ಹುಡುಕಿ ಸಾಕಿದರು. ಯಾವುದು ಯಾವ ಗಿಡ ತಿನ್ನುತ್ತದೆ ಎಂಬುದನ್ನು ಬರೆದಿಟ್ಟು, 1896–97ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದರು. ಪಶ್ಚಿಮ ಘಟ್ಟದ ಚಿಟ್ಟೆಗಳ ಆಹಾರಸಸ್ಯಗಳ ಬಗ್ಗೆ ಇಂದು ಬರೆಯುವವರೂ ಅದನ್ನು ತಿರುವಿ ನೋಡಲೇಬೇಕು. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡರು.

ಶಿಕ್ಷಕರು ಈ ಕೆಲಸವನ್ನು ತರಗತಿಯಲ್ಲೇ ಮಾಡಿಸಬಹುದು. ತೆಳು ಬಟ್ಟೆ ಕಟ್ಟಿದ ಅಗಲ ಬಾಯಿಯ ಬಾಟಲಿ, ನಿಂಬೆಯ ಅಥವಾ ಎಕ್ಕದ ಹಸಿ ಎಲೆ, ಒಂದು ಬಣ್ಣದ ಡಬ್ಬಿ, ಅಳತೆಪಟ್ಟಿ, ಇಷ್ಟೇ ಸಾಮಗ್ರಿ. ದಿನಾಂಕ, ಗಿಡದ ಹೆಸರು, ಹುಳುವಿನ ಉದ್ದ ಬರೆಯದ ಚಿತ್ರಕ್ಕೆ ಅಂಕ ಕೊಡಬೇಡಿ. ಚಿತ್ರ ಚೆನ್ನಾಗಿ ಬರೆಯುವ ಹುಡುಗನಿಗಿಂತ ಹುಳುವಿಗೆ ಎಷ್ಟು ಜೊತೆ ಕಾಲು ಎಂದು ಎಣಿಸಿ ಬರೆದ ಹುಡುಗಿಗೆ ಹೆಚ್ಚು ಅಂಕ ಬರಲಿ. ಚಿಟ್ಟೆ ಹೊರಬಂದ ಮೇಲೆ ಅದನ್ನು ಅದೇ ಗಿಡದ ಬಳಿ ಬಿಟ್ಟುಬಿಡಿ.

ಆಶ್ ದ್ವೀಪ ಏನಾಯಿತೆಂದು ನೀವು ಕೇಳಬಹುದು. ಸ್ಕಾಟ್ ಕುಟುಂಬ ಬಿಟ್ಟುಹೋದ ಮೇಲೆ ಕಾಡು ಕಡಿದು ಹೈನುಗಾರಿಕೆಯ ಹುಲ್ಲುಗಾವಲು ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಸುತ್ತಲಿನ ದ್ವೀಪಗಳ ನಡುವಿನ ನೀರಿಗೆ ಮಣ್ಣು ತುಂಬಿ ಕೂರಗ್ಯಾಂಗ್ ಎಂಬ ಒಂದೇ ದೊಡ್ಡ ದ್ವೀಪ ಮಾಡಲಾಯಿತು, ಅದರ ಒಂದು ಭಾಗದಲ್ಲಿ ಕೈಗಾರಿಕೆಗಳು ಬಂದವು. 1993ರಲ್ಲಿ ಅಲ್ಲಿನ ಜೌಗುನೆಲವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಯೋಜನೆ ಆರಂಭವಾಯಿತು. ಆಗ ಎದ್ದ ಪ್ರಶ್ನೆ, ಮೊದಲಿನ ಸ್ಥಿತಿ ಎಂದರೆ ಯಾವುದು? ಕಾಡನ್ನು ಕಂಡವರು ಯಾರೂ ಬದುಕಿರಲಿಲ್ಲ. ಲೈಕಾರ್ಟನ ಬರಹಗಳಿದ್ದವು. ಜೊತೆಗೆ ಹ್ಯಾರಿಯೆಟ್ ಮತ್ತು ಹೆಲೆನಾ ಬರೆದ ಫಲಕಗಳಿದ್ದವು. ಪ್ರತಿ ಮರಿಹುಳುವಿನ ಕೆಳಗೆ ಅವರು ಎಲೆ, ಹೂವು, ಕಾಯಿ ಸಮೇತ ನಿಖರವಾಗಿ ಬರೆದ ಒಂದೊಂದು ಆಹಾರಸಸ್ಯವಿತ್ತು. ಅವನ್ನು ನೋಡಿಕೊಂಡು ಸ್ವಯಂಸೇವಕರು ಅಲ್ಲಿ ಮತ್ತೆ ಸಸಿ ನೆಡತೊಡಗಿದರು.